ಎಲ್ಲ ಗೂಗಲಿನಲ್ಲಿ ಸಿಗುವಾಗ ಮೆಡಿಕಲ್ ಲೈಬ್ರರಿಯಲ್ಲಿ ಎಂತ ಕೆಲಸ?

ಪ್ರಶ್ನೆ: ಅಕ್ಕ, ನನ್ನ ಮಗಳು ಡಿಗ್ರಿ ಮುಗಿಸಿ ಲೈಬ್ರರಿ ಸೈನ್ಸ್ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನೀವು ಯೂನಿವರ್ಸಿಟಿಯ ಮೆಡಿಕಲ್ ಲೈಬ್ರರಿಯಲ್ಲಿ ಇರುವುದಂತಲ್ಲ. ಈಗ ಎಲ್ಲ ಗೂಗಲಿನಲ್ಲಿ ಸಿಗುತ್ತದೆ, ಡಾಕ್ಟರರ ಮೊಬೈಲಿನಲ್ಲೇ ಎಲ್ಲ ಉಂಟು. ಅಲ್ಲಿ ಲೈಬ್ರೇರಿಯನ್‌ಗೆ ಎಂತ ಕೆಲಸ? ಇನ್ನು ಹತ್ತು ವರ್ಷ ಕಳೆದರೆ ಆ ಕೆಲಸ ಇರುತ್ತದಾ?
– ಬದಿಯಡ್ಕದ ಒಬ್ಬ ತಾಯಿ

ಈ ಪ್ರಶ್ನೆ ಬದಿಯಡ್ಕದಿಂದ ಮಾತ್ರ ಬಂದದ್ದಲ್ಲ. ಉಪ್ಪಳದವರು ಕೇಳಿದ್ದಾರೆ, ಮುಳ್ಳೇರಿಯದವರು ಕೇಳಿದ್ದಾರೆ. ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಕೇಳುತ್ತಾರೆ. ತಲಪಾಡಿ ಗಡಿ ದಾಟಿ ಕೆಲಸಕ್ಕೆ ಹೋಗುವ ಬಸ್ಸಿನಲ್ಲೂ ಇದೇ ಮಾತು. ಹೇಳಿ ಹೇಳಿ ಸಾಕಾಗಿದೆ. ಅದಕ್ಕೆ ಈ ಸಲ ಪೂರ್ತಿ ಬರೆಯುತ್ತೇನೆ. ಇನ್ನು ಯಾರು ಕೇಳಿದರೂ ಇದನ್ನೇ ಓದಲಿಕ್ಕೆ ಕೊಡಿ.

ಮೊದಲು ಓದಿನ ವಿಷಯ ಹೇಳಿ ಮುಗಿಸುತ್ತೇನೆ. ಬಯಾಲಜಿ ಓದಿರಲೇಬೇಕು ಅಂತಿಲ್ಲ. ಯಾವ ಡಿಗ್ರಿಯಾದರೂ ಆಗುತ್ತದೆ. ಅದರ ಮೇಲೆ ಲೈಬ್ರರಿ ಸೈನ್ಸಿನಲ್ಲಿ ಬ್ಯಾಚುಲರ್, ಆಮೇಲೆ ಮಾಸ್ಟರ್ಸ್. ನಮ್ಮವರಿಗೆ ಹತ್ತಿರ ಅಂದರೆ ಮಂಗಳಗಂಗೋತ್ರಿಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಈ ವಿಭಾಗ ಉಂಟು. ಯುಜಿಸಿಯ 2018ರ ನಿಯಮದ ಪ್ರಕಾರ ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್ ಲೈಬ್ರೇರಿಯನ್ ಆಗಬೇಕಾದರೆ ಮಾಸ್ಟರ್ಸ್‌ನಲ್ಲಿ 55 ಶೇಕಡಾ ಬೇಕು. ಜೊತೆಗೆ ನೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿರಬೇಕು, ಅಥವಾ ನಿಯಮಕ್ಕೆ ಸರಿಹೊಂದುವ ಪಿಎಚ್‌ಡಿ ಇರಬೇಕು. ಯುಜಿಸಿ ಸಂಬಳ ಕೊಡುವ ಕಡೆ ಮೂಲವೇತನ 57,700 ರೂಪಾಯಿಯಿಂದ ಶುರು. ಖಾಸಗಿಯಲ್ಲಿ ಎಲ್ಲ ಕಡೆ ಅಷ್ಟು ಕೊಡುವುದಿಲ್ಲ, ಸೇರುವ ಮೊದಲೇ ಬಾಯಿಬಿಟ್ಟು ಕೇಳಬೇಕು. ಮೆಡಿಕಲ್ ಪದಗಳು ಕೆಲಸ ಮಾಡುತ್ತಾ ಕಲಿಯಲಿಕ್ಕೆ ಬರುತ್ತದೆ.

ಇನ್ನು ‘ಎಲ್ಲ ಗೂಗಲಿನಲ್ಲಿ ಸಿಗುತ್ತದೆ’ ಎಂಬ ಮಾತು. ಇದನ್ನು ನಾನು ಸುಮ್ನೆ ಬಿಡುವುದಿಲ್ಲ.

ಗೂಗಲ್ ನಿಮಗೆ ಸಿಕ್ಕಿದ್ದನ್ನು ತೋರಿಸುತ್ತದೆ. ಸಿಗದೆ ಉಳಿದದ್ದು ಏನು, ಎಷ್ಟು ಅಂತ ಹೇಳುವುದಿಲ್ಲ. ಹೋಟೆಲ್ ಹುಡುಕುವಾಗ ಅದರಿಂದ ತೊಂದರೆ ಇಲ್ಲ. ಔಷಧದ ವಿಷಯದಲ್ಲಿ ಅಪಾಯ ಇರುವುದೇ ಆ ಉಳಿದದ್ದರಲ್ಲಿ.

ನಮ್ಮ ಕಾಸರಗೋಡಿನದೇ ಉದಾಹರಣೆ ಕೊಡುತ್ತೇನೆ. ಪಿಜಿ ಮಾಡುವ ಹುಡುಗಿಯೊಬ್ಬಳು ಎಂಡೋಸಲ್ಫಾನ್ ಬಗ್ಗೆ ಥೀಸಿಸ್ ಬರೆಯಬೇಕು ಅಂತ ಇಟ್ಟುಕೊಳ್ಳಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕ ಸುರಿದ ಕಥೆ ಇಲ್ಲಿ ಯಾರಿಗೂ ಹೊಸದಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಅದು ನಡೆಯಿತು. ಹುಡುಗಿ ವೈದ್ಯಕೀಯ ಲೇಖನ ಹುಡುಕುವ ಪಬ್‌ಮೆಡ್ ಎಂಬ ಡೇಟಾಬೇಸ್ ತೆರೆದು ‘ಎಂಡೋಸಲ್ಫಾನ್ ಕಾಸರಗೋಡು’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾಳೆ. ಒಂದಷ್ಟು ಲೇಖನ ಬರುತ್ತದೆ. ಇಷ್ಟೇ ಇರುವುದು ಅಂತ ಅವಳು ನಂಬುತ್ತಾಳೆ.

ಆದರೆ ಈ ವಿಷಯದಲ್ಲಿ ಮುಖ್ಯವಾದ ಒಂದು ಲೇಖನ ಆ ಪಟ್ಟಿಯಲ್ಲಿ ಬರುವುದಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿಗೆ ಬಂದು ಮಾಡಿದ ಅಧ್ಯಯನ ಅದು. 2003ರಲ್ಲಿ ‘ಎನ್ವಿರಾನ್ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್’ ಎಂಬ ಜರ್ನಲಿನಲ್ಲಿ ಅಚ್ಚಾಯಿತು. ಕೀಟನಾಶಕ ಬಿದ್ದ ಕಡೆಯ 117 ಶಾಲಾ ಹುಡುಗರನ್ನು ಅದು ಬೀಳದ ಕಡೆಯ 90 ಹುಡುಗರ ಜೊತೆ ಹೋಲಿಸಿ ನೋಡಿದ್ದರು. ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿರಬಹುದು ಅಂತ ಅದರಲ್ಲಿ ಬರೆದಿದ್ದರು. ಲೇಖನದ ಹೆಸರಿನಲ್ಲಿ ಕಾಸರಗೋಡು ಇಲ್ಲ. ಸಾರಾಂಶದಲ್ಲೂ ಇಲ್ಲ. ಅಲ್ಲಿರುವುದು ‘ಗೇರು ತೋಟಗಳ ಗುಡ್ಡದ ಬುಡದಲ್ಲಿರುವ ಒಂದು ಹಳ್ಳಿ’ ಅಂತ ಮಾತ್ರ. ಪಬ್‌ಮೆಡ್ ಹುಡುಕುವುದು ಹೆಸರು, ಸಾರಾಂಶ, ವಿಷಯದ ಗುರುತು ಇಂಥ ವಿವರಗಳಲ್ಲಿ, ಪೂರ್ತಿ ಲೇಖನದ ಒಳಗೆ ಅಲ್ಲ. ಊರಿನ ಹೆಸರು ಹಾಕಿದ ತಕ್ಷಣ ಊರಿನ ಲೇಖನವೇ ತಪ್ಪಿಹೋಯಿತು.

ಮುಂದಿನ ವರ್ಷ ಅದೇ ಜರ್ನಲಿನಲ್ಲಿ ಆ ಅಧ್ಯಯನಕ್ಕೆ ಆಕ್ಷೇಪದ ಪತ್ರಗಳೂ ಬಂದವು, ಲೇಖಕರ ಉತ್ತರವೂ ಬಂತು. ಥೀಸಿಸ್ ಬರೆಯುವವಳು ಅವನ್ನೂ ಓದಿರಬೇಕು. ಒಂದು ಕಡೆಯ ಮಾತು ಮಾತ್ರ ಓದಿ ಬರೆದರೆ ಗೈಡ್ ಒಪ್ಪಿದರೂ ನಾನು ಒಪ್ಪುವುದಿಲ್ಲ.

ಇನ್ನು ನಮ್ಮ ಊರಿನ ಸ್ಪೆಲ್ಲಿಂಗ್ ಬೇರೆ. ಇಂಗ್ಲಿಷಿನಲ್ಲಿ ಆರ್ ಆದ ಮೇಲೆ ಎ ಹಾಕಿ ಬರೆಯುವವರು ಕೆಲವರು, ಎ ಬಿಟ್ಟು ಬರೆಯುವವರು ಕೆಲವರು, ಕೊನೆಗೆ ಒಂದು ಇ ಸೇರಿಸುವವರು ಇನ್ನು ಕೆಲವರು. ಮೂರನ್ನೂ ಹಾಕದಿದ್ದರೆ ಕೆಲವು ಲೇಖನ ಕಣ್ಣಿಗೆ ಬೀಳದೆ ಹೋಗಬಹುದು.

‘ಹಾಗಾದರೆ ಗೂಗಲ್ ಸ್ಕಾಲರ್ ನೋಡಿದರಾಯಿತು, ಅದು ಲೇಖನದ ಒಳಗೂ ಹುಡುಕುತ್ತದಲ್ಲ’ ಅಂತ ಜಾಣರು ಹೇಳುತ್ತಾರೆ. ಹೌದು, ಹುಡುಕುತ್ತದೆ. ನಾನೂ ಬಳಸುತ್ತೇನೆ. ಆದರೆ ಐವತ್ತು ಸಾವಿರ ಸಿಕ್ಕಿದೆ ಅಂತ ಅದು ಬರೆದು ತೋರಿಸಿದರೂ ನಿಮಗೆ ನೋಡಲಿಕ್ಕೆ ಕೊಡುವುದು ಮೊದಲ 1,000 ಮಾತ್ರ. ಯಾವ ಲೆಕ್ಕದಲ್ಲಿ ಯಾವುದು ಮೇಲೆ ಬಂತು ಅಂತ ಪೂರ್ತಿ ತಿಳಿಸುವುದೂ ಇಲ್ಲ. ಇವತ್ತಿನ ಪಟ್ಟಿ ನಾಳೆ ಹಾಗೇ ಬರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ಒಂದು ವಿಷಯದ ಅಧ್ಯಯನಗಳನ್ನೆಲ್ಲ ಹುಡುಕಿ ಒಟ್ಟಿಗೆ ತೂಗಿ ನೋಡುವ ಕೆಲಸ ಮಾಡುವವರಿಗೆ ಇದು ಆಗಿಬರುವುದಿಲ್ಲ. ಯಾವ ದಿನ, ಯಾವ ಡೇಟಾಬೇಸಿನಲ್ಲಿ, ಯಾವ ಪದ ಹಾಕಿ ಹುಡುಕಿದಿರಿ ಅಂತ ಅವರು ಅಕ್ಷರಕ್ಷರ ಬರೆದಿಡಬೇಕು. ಬೇರೆಯವರು ಅದನ್ನೇ ಹಾಕಿದರೆ ಅದೇ ಹುಡುಕಾಟ ನಡೆಯಬೇಕು.

ಅಲ್ಲಿ ಬೇಕಾಗುವುದು ಲೈಬ್ರೇರಿಯನ್. ಪಬ್‌ಮೆಡ್‌ನಲ್ಲಿ ಈಗ 3.7 ಕೋಟಿಗೂ ಜಾಸ್ತಿ ಲೇಖನಗಳ ವಿವರ ಉಂಟು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವುದು. 1997ರಿಂದ ಎಲ್ಲರಿಗೂ ಪುಕ್ಕಟೆ. ಇಷ್ಟು ದೊಡ್ಡ ರಾಶಿಯನ್ನು ಹಿಡಿತದಲ್ಲಿ ಇಟ್ಟಿರುವುದು ‘ಮೆಶ್’ ಎಂಬ ಪದಪಟ್ಟಿ. 1960ರಲ್ಲಿ ಶುರುವಾದದ್ದು, ಈಗ ಸುಮಾರು 30,000 ಶೀರ್ಷಿಕೆಗಳಿವೆ. ಒಬ್ಬರು ‘ಹಾರ್ಟ್ ಅಟ್ಯಾಕ್’ ಅಂತ ಬರೆದಿರುತ್ತಾರೆ, ಇನ್ನೊಬ್ಬರು ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಅಂತ. ಎರಡಕ್ಕೂ ಒಂದೇ ಗುರುತು ಬೀಳುತ್ತದೆ. ಅಡಿಕೆ ವಿಂಗಡಿಸುವಾಗ ಯಾರ ತೋಟದಿಂದ ಬಂದರೂ ಪಟೋರ ಪಟೋರದ ಗೋಣಿಗೆ, ಕೋಕ ಕೋಕದ ಗೋಣಿಗೆ ಹೋಗುವ ಹಾಗೆ. ನಮ್ಮ ಮಂಗನ ಕಾಯಿಲೆಗೂ ಅಲ್ಲಿ ಒಂದು ಗೋಣಿ ಉಂಟು. 1957ರಲ್ಲಿ ಸೊರಬದ ಕಡೆ ಅದು ಕಾಣಿಸಿಕೊಂಡ ಕ್ಯಾಸನೂರು ಕಾಡಿನ ಹೆಸರಿನಲ್ಲಿ. ‘ಮಂಕಿ ಫೀವರ್’ ಎಂಬ ಎರಡು ಪದ ಬಿಟ್ಟರೆ ಬೇರೆ ಏನೂ ಹಾಕದೆ ಹುಡುಕಿ ‘ಮೇಡಂ, ಬೇಕಾದದ್ದು ಸಿಗುವುದಿಲ್ಲ’ ಅಂತ ಬರುವವರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನು. ಆದರೆ ಈ ಗುರುತನ್ನೇ ನಂಬಿ ಕೂರಲಿಕ್ಕೂ ಆಗುವುದಿಲ್ಲ. ಹೊಚ್ಚ ಹೊಸ ಲೇಖನಕ್ಕೆ ಗುರುತು ಇನ್ನೂ ಬೀಳದೆ ಇರಬಹುದು. 2022ರಿಂದ ಗುರುತು ಹಾಕುವ ಕೆಲಸ ಯಂತ್ರಕ್ಕೆ ಹೋಗಿದೆ, ಅದು ತಪ್ಪುವುದೂ ಉಂಟು. ಅದಕ್ಕೆ ಮೆಶ್ ಪದವನ್ನೂ ಹಾಕಬೇಕು, ಜನ ಬರೆಯುವ ಪದಗಳನ್ನೂ ಹಾಕಬೇಕು. ಯಾವ ಪದ ಬಿಟ್ಟರೆ ಏನು ತಪ್ಪುತ್ತದೆ ಅಂತ ಅಂದಾಜು ಮಾಡಲಿಕ್ಕೆ ಕೈ ಪಳಗಬೇಕು.

ಇಷ್ಟು ಹೇಳಿದರೂ ‘ಒಂದೆರಡು ಲೇಖನ ತಪ್ಪಿದರೆ ಏನಾಗುತ್ತದೆ’ ಅನ್ನುವವರು ಇರುತ್ತಾರೆ. ಅವರಿಗೆ 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಆದದ್ದನ್ನು ಹೇಳುತ್ತೇನೆ. ಅಸ್ತಮಾದ ಒಂದು ಪ್ರಯೋಗ. 24 ವರ್ಷದ ಆರೋಗ್ಯವಂತ ಹೆಣ್ಣುಮಗಳು ಸ್ವಂತ ಇಷ್ಟದಿಂದ ಸೇರಿದ್ದಳು. ಹೆಕ್ಸಾಮೆಥೋನಿಯಂ ಎಂಬ ಔಷಧವನ್ನು ಉಸಿರಿನ ಜೊತೆ ಎಳೆದುಕೊಂಡಳು. ಶ್ವಾಸಕೋಶ ಹಾಳಾಗಿ ತಿಂಗಳೊಳಗೆ ತೀರಿಹೋದಳು. ಆ ಔಷಧ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ ಅಂತ 1950ರ ದಶಕದ ಲೇಖನಗಳಲ್ಲೇ ಇತ್ತು. ಪ್ರಯೋಗ ಮಾಡಿದವರು ಪಬ್‌ಮೆಡ್ ನೋಡಿದ್ದರು. ಆಗ ಪಬ್‌ಮೆಡ್ ಹಿಂದಕ್ಕೆ ಹೋಗುತ್ತಿದ್ದದ್ದು 1966ರವರೆಗೆ ಮಾತ್ರ. ಅದರ ಹಿಂದಿನದ್ದು ಅಚ್ಚಾದ ಸೂಚಿಗಳಲ್ಲಿ, ಕಪಾಟಿನಲ್ಲಿ ಇತ್ತು. ಡೇಟಾಬೇಸಿನ ಬಾಗಿಲು ಎಲ್ಲಿ ಮುಚ್ಚುತ್ತದೆ ಅಂತ ತಿಳಿದ ಒಬ್ಬ ಲೈಬ್ರೇರಿಯನ್‌ನನ್ನು ಕೇಳಿದ್ದರೆ? ಈ ಘಟನೆಯನ್ನು ನಮ್ಮ ವೃತ್ತಿಯವರು ಇವತ್ತಿಗೂ ಪಾಠ ಮಾಡುತ್ತಾರೆ. ನಾನೂ ಪ್ರತಿ ಹೊಸ ಬ್ಯಾಚಿಗೆ ಹೇಳುತ್ತೇನೆ.

ಈಗಿನ ಹುಡುಗರು ಗೂಗಲ್ ಬಿಟ್ಟು ಎಐ ಹಿಡಿದಿದ್ದಾರೆ. ಕೇಳಿದರೆ ಅದು ಚಂದದ ರೆಫರೆನ್ಸ್ ಪಟ್ಟಿ ಕೊಡುತ್ತದೆ. ಲೇಖಕರ ಹೆಸರು, ಜರ್ನಲ್, ವರ್ಷ, ಪುಟ ಎಲ್ಲ ಸರಿಯಾಗಿ ಕಾಣುತ್ತದೆ. ಹುಡುಕಿದರೆ ಅಂಥ ಲೇಖನವೇ ಇರುವುದಿಲ್ಲ. ಪಬ್‌ಮೆಡ್‌ನ ಪ್ರತಿ ಲೇಖನಕ್ಕೂ ಒಂದು ಪಿಎಂಐಡಿ ನಂಬರ್ ಇರುತ್ತದೆ. ಆ ನಂಬರ್ ಹಾಕಿ, ಅದೇ ಲೇಖನ ಬರುತ್ತದಾ ನೋಡಿ. ಬಂದರೂ ಸಾಲದು. ದೋಷ ಕಂಡು ಆ ಲೇಖನವನ್ನು ಆಮೇಲೆ ವಾಪಸ್ ಪಡೆದಿದ್ದಾರಾ ಅಂತಲೂ ನೋಡಬೇಕು. ಕೋವಿಡ್ ಸಮಯದಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ ‘ಲ್ಯಾನ್ಸೆಟ್‌’ನಂಥ ದೊಡ್ಡ ಜರ್ನಲಿನಲ್ಲಿ 2020ರ ಮೇ 22ರಂದು ಬಂದ ಲೇಖನ ಜೂನ್ 4ಕ್ಕೆ ವಾಪಸಾಯಿತು. ಮೇ ತಿಂಗಳಲ್ಲಿ ಡೌನ್‌ಲೋಡ್ ಮಾಡಿಟ್ಟ ಪಿಡಿಎಫ್‌ಗೆ ಅದು ಹೇಗೆ ಗೊತ್ತಾಗಬೇಕು?

ಇಷ್ಟಕ್ಕೂ ಈ ‘ಗೂಗಲಿನಲ್ಲಿ ಸಿಗುತ್ತದೆ’ ಎಂಬ ನಂಬಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತುಂಟು. ಕ್ಯಾಂಪಸ್ಸಿನ ವೈಫೈಯಲ್ಲಿ ಕೂತು ಲಿಂಕ್ ಒತ್ತಿದರೆ ಲೇಖನ ತೆರೆಯುತ್ತದೆ. ಅದೇ ಲಿಂಕನ್ನು ಪೆರ್ಲದ ಮನೆಯಲ್ಲಿ ಒತ್ತಿದರೆ ಡಾಲರ್ ಲೆಕ್ಕದಲ್ಲಿ ದುಡ್ಡು ಕೇಳುತ್ತದೆ. ಒಳಗೆ ಇದ್ದಾಗ ತೆರೆದದ್ದು ಯಾಕೆ? ಲೈಬ್ರರಿ ದುಡ್ಡು ಕಟ್ಟಿ, ಪ್ರಕಾಶಕರ ಹತ್ತಿರ ಚೌಕಾಸಿ ಮಾಡಿ, ಕ್ಯಾಂಪಸ್ಸಿನ ನೆಟ್‌ವರ್ಕಿಗೆ ಅನುಮತಿ ಮಾಡಿಸಿಟ್ಟಿದೆ. ಸರಕಾರಿ ಸಂಸ್ಥೆಗಳಿಗೆ 2025ರಿಂದ ಕೇಂದ್ರ ಸರಕಾರವೇ ಚಂದಾ ಕಟ್ಟುವ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ ಬಂದಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ನೀವು ಕಟ್ಟಿದ ತೆರಿಗೆಯ ದುಡ್ಡು ಅದು, ಗೂಗಲ್ ಕೊಟ್ಟದ್ದಲ್ಲ. ಮನೆಯಿಂದ ಓದಲಿಕ್ಕೂ ರಿಮೋಟ್ ಲಾಗಿನ್ ಉಂಟು. ಲೈಬ್ರರಿಗೆ ಬಂದು ಕೇಳಬೇಕು, ಅಷ್ಟೇ.

ಉಳಿದ ಕೆಲಸ ಎಲ್ಲ ಲೈಬ್ರರಿಯಲ್ಲೂ ಇರುವಂಥದ್ದು. ಪುಸ್ತಕ ತರಿಸುವುದು, ಥೀಸಿಸ್‌ನಲ್ಲಿ ನಕಲು ಉಂಟಾ ಅಂತ ನೋಡಲಿಕ್ಕೆ ಸಿಮಿಲಾರಿಟಿ ರಿಪೋರ್ಟ್ ತೆಗೆಯುವುದು, ಪರೀಕ್ಷೆ ಹತ್ತಿರ ಬಂದಾಗ ಓದುವ ಕೋಣೆಯನ್ನು ರಾತ್ರಿ ತನಕ ತೆರೆದಿಡುವುದು.

ಹತ್ತು ವರ್ಷ ಕಳೆದರೆ ಕೆಲಸ ಇರುತ್ತದಾ? ಪುಸ್ತಕಕ್ಕೆ ಸೀಲ್ ಹೊಡೆದು ಕೊಡುವುದನ್ನು ಮಾತ್ರ ಕಲಿತವರಿಗೆ ಕಷ್ಟ. ಹುಡುಕಲಿಕ್ಕೆ ಕಲಿತವರಿಗೆ ಕೆಲಸ ಇರುತ್ತದೆ, ಲೇಖನಗಳ ರಾಶಿ ದೊಡ್ಡದಾಗುತ್ತಾ ಹೋದ ಹಾಗೆ ಜಾಸ್ತಿಯೇ ಆಗುತ್ತದೆ. ಮಗಳಿಗೆ ಈಗಲೇ ಪಬ್‌ಮೆಡ್ ತೆರೆದು ಕೂರಲಿಕ್ಕೆ ಹೇಳಿ. ಕಲಿಯುವ ಪಾಠಗಳೂ ಅಲ್ಲೇ ಪುಕ್ಕಟೆ ಸಿಗುತ್ತವೆ. ಸ್ವಲ್ಪ ಸ್ಟ್ಯಾಟಿಸ್ಟಿಕ್ಸ್ ಓದಿಕೊಂಡರೆ ಇನ್ನೂ ಒಳ್ಳೆಯದು. ಹಟ ಉಂಟು ಅಂದಿರಲ್ಲ, ಈ ಕೆಲಸಕ್ಕೆ ಅದು ಬೇಕು.

ಇಷ್ಟು ಬರೆದ ಮೇಲೆ, ನೀವು ಕೇಳದ ಒಂದು ವಿಷಯ ಹೇಳದೆ ಇರಲಿಕ್ಕಾಗುವುದಿಲ್ಲ. ಯಾವ ಡೇಟಾಬೇಸಿನಲ್ಲೂ ಇಲ್ಲದ್ದನ್ನು ಯಾರು ಹುಡುಕಿ ಕೊಡಬೇಕು?

ಎಂಡೋಸಲ್ಫಾನ್ ವಿಷಯವನ್ನೇ ನೋಡಿ. ಆ 2003ರ ಲೇಖನಕ್ಕಿಂತ ಎಷ್ಟೋ ವರ್ಷ ಮೊದಲೇ ವಾಣೀನಗರದ ಡಾಕ್ಟರ್ ಮೋಹನಕುಮಾರ್ ಅವರು ತಮ್ಮ ಕ್ಲಿನಿಕ್ಕಿಗೆ ಬರುವ ರೋಗಿಗಳಲ್ಲಿ ಏನೋ ಸರಿಯಿಲ್ಲ ಅಂತ ಗಮನಿಸಿದ್ದರು. ಪತ್ರಕರ್ತ ಶ್ರೀಪಡ್ರೆಯವರು ಕರುಗಳ ಅಂಗವೈಕಲ್ಯದ ಬಗ್ಗೆ ಅದಕ್ಕೂ ಮೊದಲೇ ಬರೆದಿದ್ದರು. ಊರಿನವರ ಕಣ್ಣಿಗೆ ಬಿದ್ದದ್ದು ಮೊದಲು, ಜರ್ನಲಿಗೆ ಬಂದದ್ದು ಕೊನೆಗೆ. ಸುಪ್ರೀಂ ಕೋರ್ಟ್ ನಿಷೇಧಿಸುವಾಗ 2011 ಆಗಿತ್ತು. ನಡುವಿನ ಆ ವರ್ಷಗಳ ಸಾಕ್ಷಿ ಇರುವುದು ಕನ್ನಡ ಪತ್ರಿಕೆಗಳ ಹಳೆ ಸಂಚಿಕೆಗಳಲ್ಲಿ, ಪಂಚಾಯಿತಿಗೆ ಕೊಟ್ಟ ಮನವಿಗಳಲ್ಲಿ, ಮನೆಗಳ ಕಪಾಟಿನಲ್ಲಿರುವ ಆಸ್ಪತ್ರೆ ಚೀಟಿಗಳಲ್ಲಿ. ಅದನ್ನು ಪಬ್‌ಮೆಡ್ ಎಂದೂ ತೋರಿಸುವುದಿಲ್ಲ.

ನಮ್ಮ ಕಡೆ ಈ ಚೀಟಿಗಳ ಅವಸ್ಥೆ ನೋಡಿದರೆ ಬೇಸರವಾಗುತ್ತದೆ. ಒಂದು ಕಾಯಿಲೆಗೆ ಬದಿಯಡ್ಕದಲ್ಲಿ ಒಬ್ಬರು, ಕಾಸರಗೋಡಿನಲ್ಲಿ ಒಬ್ಬರು, ಕೊನೆಗೆ ಮಂಗಳೂರಿನಲ್ಲಿ ಒಬ್ಬರು. ಒಂದು ಚೀಟಿ ಮಲಯಾಳದಲ್ಲಿ, ಇನ್ನೊಂದು ಇಂಗ್ಲಿಷಿನಲ್ಲಿ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಡಾಕ್ಟರರನ್ನೇ ನಂಬಿದ್ದವರು ಈಚೆ ಉಳಿದರು. ಕೈಯಲ್ಲಿ ಕಾಗದ ಇದ್ದವರಿಗೆ ಬೇರೆ ಡಾಕ್ಟರರಿಗೆ ತೋರಿಸಲಿಕ್ಕಾದರೂ ಏನೋ ಇತ್ತು.

ಅದಕ್ಕೆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೈಲು ಮಾಡಿ. ತಾರೀಕಿನ ಪ್ರಕಾರ ಜೋಡಿಸಿ, ಹೊಸತು ಮೇಲೆ ಬರಲಿ. ಡಿಸ್ಚಾರ್ಜ್ ಸಮ್ಮರಿ ಎಂದಿಗೂ ಬಿಸಾಡಬೇಡಿ. ಮೊಬೈಲಿನಲ್ಲಿ ಫೋಟೋ ತೆಗೆದು ಮಕ್ಕಳಿಗೂ ಕಳಿಸಿಡಿ. ಇಸಿಜಿ ಪಟ್ಟಿ ಹೆಚ್ಚಾಗಿ ಥರ್ಮಲ್ ಕಾಗದದಲ್ಲಿ ಬರುತ್ತದೆ, ಅದರ ಗೆರೆಗಳು ಕಾಲ ಕಳೆದಂತೆ ಮಾಸಿಹೋಗುತ್ತವೆ. ಕೊಟ್ಟ ದಿನವೇ ಝೆರಾಕ್ಸ್ ಮಾಡಿಸಿ. ಜೋಪಾನವಾಗಿ ಇರಲಿ ಅಂತ ಅದನ್ನು ಲ್ಯಾಮಿನೇಷನ್ ಮಾಡಿಸಲಿಕ್ಕೆ ಹೋಗಬೇಡಿ, ಬಿಸಿ ತಾಗಿದರೆ ಕಾಗದ ಪೂರ್ತಿ ಕಪ್ಪಾಗುತ್ತದೆ.