ಪದ ಪರಿಚಯ: ಅಧಿವೇಶನಗಳ ನಡುವಿನ ಪ್ರಾತಿನಿಧ್ಯ

ಅಂತರರಾಷ್ಟ್ರೀಯ ಸಂಸ್ಥೆಯೊಂದರ ಪರಮಾಧಿಕಾರ ಸಾಮಾನ್ಯವಾಗಿ ಅದರ ಮಹಾಸಭೆಯಲ್ಲಿರುತ್ತದೆ. ಆದರೆ ಮಹಾಸಭೆ ಸದಾ ಕೂಡಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯದು ವರ್ಷಕ್ಕೊಮ್ಮೆ, ಯುನೆಸ್ಕೊದ್ದು ಎರಡು ವರ್ಷಕ್ಕೊಮ್ಮೆ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ್ದು ನಾಲ್ಕು ವರ್ಷಕ್ಕೊಮ್ಮೆ ಸೇರುತ್ತದೆ. ಈ ಮಧ್ಯದ ಅವಧಿಯಲ್ಲಿ ಸದಸ್ಯ ರಾಷ್ಟ್ರಗಳ ಪರವಾಗಿ ತೀರ್ಮಾನ ಕೈಗೊಳ್ಳುವವರು ಯಾರು, ಅವರನ್ನು ಆರಿಸುವವರು ಯಾರು, ಅವರು ಯಾರಿಗೆ ಉತ್ತರ ಹೇಳಬೇಕು ಎಂಬುದನ್ನು ಗೊತ್ತುಪಡಿಸುವ ಏರ್ಪಾಡೇ ಅಧಿವೇಶನಗಳ ನಡುವಿನ ಪ್ರಾತಿನಿಧ್ಯ. ಬಹುತೇಕ ಸಂಸ್ಥೆಗಳಲ್ಲಿ ಈ ಹೊಣೆ ಕಾರ್ಯಕಾರಿ ಮಂಡಳಿ ಅಥವಾ ಆಡಳಿತ ಮಂಡಳಿಯದು.

ಮಂಡಳಿಯಲ್ಲಿ ಕುಳಿತವರು ಯಾರ ಪ್ರತಿನಿಧಿಗಳು ಎಂಬ ಪ್ರಶ್ನೆಗೆ ಯುನೆಸ್ಕೊದ ಇತಿಹಾಸದಲ್ಲಿಯೇ ಮೂರು ಉತ್ತರಗಳು ಸಿಗುತ್ತವೆ. 1945ರ ಮೂಲ ಸಂವಿಧಾನದ ಪ್ರಕಾರ ಮಂಡಳಿಯ ಸದಸ್ಯರು ತಮ್ಮ ಸರ್ಕಾರಗಳ ಪರವಾಗಿ ಅಲ್ಲ, ಇಡೀ ಮಹಾಸಭೆಯ ಪರವಾಗಿ ಅಧಿಕಾರ ಚಲಾಯಿಸಬೇಕಿತ್ತು. 1954ರ ತಿದ್ದುಪಡಿಯಿಂದ ಅವರು ತಂತಮ್ಮ ಸರ್ಕಾರಗಳ ಪ್ರತಿನಿಧಿಗಳೂ ಆದರು. 1991ರ ತಿದ್ದುಪಡಿಯ ನಂತರ ವ್ಯಕ್ತಿಗಳ ಬದಲಿಗೆ ರಾಷ್ಟ್ರಗಳೇ ಸದಸ್ಯರಾದವು. ಈಗ ಅಲ್ಲಿ 58 ರಾಷ್ಟ್ರಗಳಿಗೆ ಸ್ಥಾನವಿದೆ. ಸ್ವತಂತ್ರ ವಿದ್ವಾಂಸರ ಮಂಡಳಿಯೆಂಬ ಮೊದಲ ಕಲ್ಪನೆ ಉದಾತ್ತವಾದದ್ದು, ನಿಜ. ಆದರೆ ಹಣ ಕೊಡುವ, ನಿರ್ಣಯವನ್ನು ಜಾರಿಗೆ ತರುವ ಸರ್ಕಾರಗಳು ದೂರ ಉಳಿದರೆ ಮಂಡಳಿಯ ಮಾತಿಗೆ ತೂಕ ಇರುವುದಿಲ್ಲವೆಂಬುದೂ ಅಷ್ಟೇ ನಿಜ.

ಪ್ರಾತಿನಿಧ್ಯವನ್ನು ಬಲಪಡಿಸುವುದೆಂದರೆ ಆಸನಗಳನ್ನು ಹೆಚ್ಚಿಸುವುದು ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯನ್ನು ನೋಡಿದರೆ ಈ ಅರ್ಥ ಸಾಲದೆಂಬುದು ತಿಳಿಯುತ್ತದೆ. ಅಲ್ಲಿ 191 ಸದಸ್ಯ ರಾಷ್ಟ್ರಗಳ ದೈನಂದಿನ ವ್ಯವಹಾರವನ್ನು 25 ಕಾರ್ಯನಿರ್ವಾಹಕ ನಿರ್ದೇಶಕರು ನಡೆಸುತ್ತಾರೆ. ಅವರಲ್ಲಿ ಹೆಚ್ಚಿನವರು ಹಲವು ದೇಶಗಳ ಗುಂಪಿನಿಂದ ಆಯ್ಕೆಯಾದವರು. ಸಹಾರಾದ ದಕ್ಷಿಣಕ್ಕಿರುವ ನಲವತ್ತಕ್ಕೂ ಹೆಚ್ಚು ಆಫ್ರಿಕನ್ ದೇಶಗಳಿಗೆ ಬಹುಕಾಲ ಇಬ್ಬರೇ ನಿರ್ದೇಶಕರಿದ್ದರು. 2024ರ ನವೆಂಬರ್‌ನಲ್ಲಿ ಮೂರನೆಯ ಸ್ಥಾನ ದೊರೆಯಿತು. ಒಬ್ಬ ನಿರ್ದೇಶಕನ ಮೇಜಿಗೆ ಬರುವ ದೇಶಗಳ ಸಂಖ್ಯೆ ಇಳಿದರೆ ಪ್ರತಿಯೊಂದರ ಸಾಲದ ಕಡತವನ್ನು ಓದಲು, ಆ ದೇಶದ ಹಣಕಾಸು ಸಚಿವಾಲಯದೊಂದಿಗೆ ಮಾತನಾಡಲು ಹೆಚ್ಚು ಸಮಯ ಸಿಗುತ್ತದೆ. ಆ ಮಟ್ಟಿಗೆ ಇದು ನಿಜವಾದ ಸುಧಾರಣೆ. ಆದರೂ ನಿಧಿಯ ನಿಯಮದಂತೆ ನಿರ್ದೇಶಕರು ತಮ್ಮ ಗುಂಪಿನ ಮತಗಳನ್ನೆಲ್ಲ ಒಟ್ಟಾಗಿಯೇ ಚಲಾಯಿಸಬೇಕು, ಒಡೆದು ಹಾಕುವಂತಿಲ್ಲ. ಗುಂಪಿನ ಒಂದು ದೇಶ ಪ್ರಸ್ತಾವಕ್ಕೆ ವಿರುದ್ಧವಾಗಿದ್ದು ಉಳಿದವು ಪರವಾಗಿದ್ದರೆ, ಆ ಒಂದು ದೇಶದ ಪಾಲಿನ ಮತವೂ ಪರವಾಗಿಯೇ ಬೀಳಬಹುದು. ಅದರ ಅಸಮ್ಮತಿಯನ್ನು ನಿರ್ದೇಶಕರು ಸಭೆಯಲ್ಲಿ ಎತ್ತಿ ಹೇಳಿದರಷ್ಟೇ ಅದಕ್ಕೆ ದನಿ ಸಿಗುತ್ತದೆ.

ಕಾಯಂ ಸ್ಥಾನಗಳದ್ದು ಇನ್ನೊಂದು ತೊಡಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಸರ್ಕಾರಗಳಿಗೆ 28, ಉದ್ಯೋಗದಾತರಿಗೆ 14, ಕಾರ್ಮಿಕರಿಗೆ 14 ಸ್ಥಾನಗಳಿವೆ. ಸರ್ಕಾರಗಳ 28ರಲ್ಲಿ 10 ಸ್ಥಾನಗಳು ಪ್ರಮುಖ ಕೈಗಾರಿಕಾ ರಾಷ್ಟ್ರಗಳಿಗೆ ಮೀಸಲು. ಇದನ್ನು ತೆಗೆದುಹಾಕುವ ತಿದ್ದುಪಡಿಗೆ 1986ರಲ್ಲಿಯೇ ಒಪ್ಪಿಗೆ ಸಿಕ್ಕಿದ್ದರೂ ಅದು ಇಂದಿಗೂ ಜಾರಿಗೆ ಬಂದಿಲ್ಲ, ಏಕೆಂದರೆ ಅದಕ್ಕೆ ಆ ಹತ್ತು ರಾಷ್ಟ್ರಗಳಲ್ಲಿಯೇ ಕನಿಷ್ಠ ಐದರ ಅನುಮೋದನೆ ಬೇಕು.

ಎಲ್ಲರನ್ನೂ ಒಳಗೆ ಕರೆಯುವ ಮಾರ್ಗವೂ ಇದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 58 ಸದಸ್ಯರ ಆಡಳಿತ ಮಂಡಳಿ 2013ರಲ್ಲಿ ಎಲ್ಲ ರಾಷ್ಟ್ರಗಳಿಗೂ ತೆರೆದುಕೊಂಡು ಪರಿಸರ ಮಹಾಸಭೆಯಾಯಿತು. ಆದರೆ ಪರಿಸರ ಮಹಾಸಭೆಗಳ ನಡುವಿನ ಕೆಲಸ ನೈರೋಬಿಯ ಕಾಯಂ ಪ್ರತಿನಿಧಿಗಳ ಸಮಿತಿಯಲ್ಲಿ ನಡೆಯುವುದರಿಂದ, ಆ ನಗರದಲ್ಲಿ ರಾಯಭಾರ ಕಚೇರಿಯಿಲ್ಲದ ಸಣ್ಣ ದೇಶಕ್ಕೆ ಸಿಕ್ಕಿದ ಹಕ್ಕನ್ನು ಬಳಸಿಕೊಳ್ಳುವುದೇ ಕಷ್ಟ.

ಆದ್ದರಿಂದ ಸಣ್ಣದಾಗಿ ಕಾಣುವ ಕಾರ್ಯವಿಧಾನಗಳನ್ನು ನಾನು ಆಸನಗಳ ಲೆಕ್ಕಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ: ಕಾರ್ಯಸೂಚಿ ಮತ್ತು ಕರಡು ನಿರ್ಣಯಗಳು ಓದಲು ಬಿಡುವಿರುವಷ್ಟು ಮುಂಚೆ, ಎಲ್ಲ ಅಧಿಕೃತ ಭಾಷೆಗಳಲ್ಲಿ ತಲುಪುವುದು, ದೂರದಿಂದಲೇ ಭಾಗವಹಿಸಲು ಅವಕಾಶವಿರುವುದು, ಗುಂಪಿನ ಪ್ರತಿನಿಧಿ ಸಭೆಗೆ ಮುಂಚೆ ತನ್ನ ದೇಶಗಳನ್ನು ಕೇಳಿ, ಸಭೆಯ ನಂತರ ಅವುಗಳಿಗೆ ವರದಿ ಒಪ್ಪಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ 34 ಸದಸ್ಯರ ಕಾರ್ಯಕಾರಿ ಮಂಡಳಿಯಲ್ಲಿ ಸ್ಥಾನವಿಲ್ಲದ ರಾಷ್ಟ್ರವೂ ಪ್ರತಿನಿಧಿಯನ್ನು ಕಳುಹಿಸಿ, ಮತದ ಹಕ್ಕಿಲ್ಲದಿದ್ದರೂ, ಚರ್ಚೆಯಲ್ಲಿ ಪಾಲ್ಗೊಳ್ಳಬಹುದು.