ಅರ್ಧ ಸರ್ಕಾರದ್ದು, ಉಳಿದರ್ಧ ಯಾರದ್ದು?

ಅಮೆರಿಕದಲ್ಲಿ ಐವತ್ತೋ ನೂರೋ ಎಕರೆ ಹೊಲ ಕೊಂಡವರ ಕಿವಿಗೆ ಒಂದಲ್ಲ ಒಂದು ದಿನ ಈ ಮಾತು ಬೀಳುತ್ತದೆ: ‘ಹೊಲವನ್ನು ಎಂದೆಂದಿಗೂ ಹೊಲವಾಗಿಯೇ ಇಡುತ್ತೇನೆಂದು ಬರೆದುಕೊಟ್ಟರೆ ಸರ್ಕಾರ ದುಡ್ಡು ಕೊಡುತ್ತದೆ, ಜಮೀನೂ ನಿಮ್ಮ ಹೆಸರಲ್ಲೇ ಇರುತ್ತದೆ.’ ಮಾತು ಸುಳ್ಳಲ್ಲ. ಆದರೆ ಸರ್ಕಾರ ಕೊಡುವುದು ಸಾಮಾನ್ಯವಾಗಿ ಅರ್ಧ. ಉಳಿದರ್ಧ ಎಲ್ಲಿಂದ ಬರುತ್ತದೆ ಎಂದು ಕೇಳದೆ ಮುಂದುವರಿದವರು ಕೊನೆಗೆ ಅದನ್ನು ತಾವೇ ದಾನವಾಗಿ ಬರೆದುಕೊಟ್ಟಿರುತ್ತಾರೆ.

ಯೋಜನೆಯ ಹೆಸರು ಎಸೆಪ್, ಅಂದರೆ ಅಗ್ರಿಕಲ್ಚರಲ್ ಕನ್ಸರ್ವೇಶನ್ ಈಸ್‌ಮೆಂಟ್ ಪ್ರೋಗ್ರಾಮ್. ಮೊದಲಿದ್ದ ಮೂರು ಬೇರೆ ಬೇರೆ ಯೋಜನೆಗಳನ್ನು ಸೇರಿಸಿ 2014ರ ಫಾರ್ಮ್ ಬಿಲ್ (ಅಮೆರಿಕದ ಕೃಷಿ ಕಾಯ್ದೆ) ಇದನ್ನು ರೂಪಿಸಿತು. ನಡೆಸುವುದು ಅಮೆರಿಕದ ಕೃಷಿ ಇಲಾಖೆಯ ಸಂರಕ್ಷಣಾ ಅಂಗವಾದ ಎನ್‌ಆರ್‌ಸಿಎಸ್. ಇದರಲ್ಲಿ ಎರಡು ಕವಲು: ಉಳುಮೆ ಮತ್ತು ಹುಲ್ಲುಗಾವಲಿನ ಭೂಮಿಗೆ ಎಎಲ್‌ಇ, ಜೌಗು ಭೂಮಿಗೆ ಡಬ್ಲ್ಯುಆರ್‌ಇ. ಈ ಅಂಕಣದ ಹೆಚ್ಚಿನ ಭಾಗ ಎಎಲ್‌ಇ ಬಗ್ಗೆ, ಏಕೆಂದರೆ ಪಾಲುಗಾರಿಕೆಯ ಲೆಕ್ಕ ತಿರುಚಿಕೊಳ್ಳುವುದು ಅಲ್ಲೇ.

ನೀವು ಮಾರುವುದು ಮಣ್ಣನ್ನಲ್ಲ, ಅದರ ಮೇಲೆ ಬಡಾವಣೆ ಕಟ್ಟುವ, ನಿವೇಶನ ಮಾಡಿ ಹಂಚುವ ಹಕ್ಕನ್ನು. ಹಾಗೆ ಬರೆದುಕೊಡುವ ನಿರ್ಬಂಧದ ಹಕ್ಕೇ ಈಸ್‌ಮೆಂಟ್. ಆ ಹಕ್ಕನ್ನು ಕೊಂಡು ಇಟ್ಟುಕೊಳ್ಳುವುದು ಒಂದು ಲ್ಯಾಂಡ್ ಟ್ರಸ್ಟ್ (ಜಮೀನು ಕಾಪಾಡುವ ಲಾಭರಹಿತ ಸಂಸ್ಥೆ), ಕೌಂಟಿ, ರಾಜ್ಯ ಅಥವಾ ಬುಡಕಟ್ಟು ಸರ್ಕಾರ. ಎಎಲ್‌ಇಯಲ್ಲಿ ಜಮೀನಿನ ಒಡೆಯ ತಾನಾಗಿ ಅರ್ಜಿ ಹಾಕುವಂತಿಲ್ಲ. ಅರ್ಜಿದಾರ ಆ ಸಂಸ್ಥೆ. ಆದ್ದರಿಂದ ಮೊದಲ ಭೇಟಿ ಸರ್ಕಾರಿ ಕಚೇರಿಗಲ್ಲ, ನಿಮ್ಮ ಕೌಂಟಿಯಲ್ಲಿ ಕೆಲಸ ಮಾಡುವ ಲ್ಯಾಂಡ್ ಟ್ರಸ್ಟಿಗೆ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ‘ಫೆಡರಲ್ ಪಾಲು ಬಿಟ್ಟು ಉಳಿದದ್ದಕ್ಕೆ ನಿಮ್ಮ ಬಳಿ ನಗದು ಎಷ್ಟಿದೆ?’

ಒಂದು ಲೆಕ್ಕ ಹಾಕೋಣ. 120 ಎಕರೆ ಹೊಲ. ನಿರ್ಬಂಧವಿಲ್ಲದಿದ್ದರೆ ಎಕರೆಗೆ 12,000 ಡಾಲರ್, ಒಟ್ಟು 14,40,000. ನಿರ್ಬಂಧ ಬಂದ ಮೇಲೆ ಎಕರೆಗೆ 5,000, ಒಟ್ಟು 6,00,000. ನಡುವಿನ ವ್ಯತ್ಯಾಸ 8,40,000 ಡಾಲರ್. ಈಸ್‌ಮೆಂಟಿನ ಬೆಲೆ ಅದೇ. ಎನ್‌ಆರ್‌ಸಿಎಸ್ ಕೊಡುವುದು ಇದರ 50% ವರೆಗೆ, ಅಂದರೆ 4,20,000. ಪರಿಸರದ ದೃಷ್ಟಿಯಿಂದ ವಿಶೇಷ ಮಹತ್ವದ ಹುಲ್ಲುಗಾವಲಾದರೆ 75% ವರೆಗೆ ಏರಬಹುದು. ಉಳಿದ 4,20,000ದಲ್ಲಿ ಕೌಂಟಿ ಅರ್ಧ ಹಾಕಿತು, ಇನ್ನರ್ಧ ನೀವು ಬಿಟ್ಟುಕೊಟ್ಟಿರಿ ಎನ್ನೋಣ. ಕೈಗೆ ಬರುವುದು 6,30,000.

2018ಕ್ಕೆ ಮುಂಚೆ ಸಂಸ್ಥೆ ತನ್ನ ಕೈಯಿಂದ ಫೆಡರಲ್ ಪಾಲಿನ ಅರ್ಧದಷ್ಟಾದರೂ ನಗದು ಹಾಕಲೇಬೇಕಿತ್ತು. 2018ರ ಫಾರ್ಮ್ ಬಿಲ್ ಆ ಕಟ್ಟುಪಾಡನ್ನು ತೆಗೆಯಿತು. ಈಗ ಒಡೆಯನ ದಾನ, ಸರ್ವೆ, ಮೌಲ್ಯಮಾಪನ, ಟೈಟಲ್ (ಒಡೆತನದ ದಾಖಲೆ) ಪರಿಶೀಲನೆಯ ಖರ್ಚು ಇವೆಲ್ಲವೂ ಫೆಡರಲ್ ಅಲ್ಲದ ಪಾಲಿಗೆ ಲೆಕ್ಕವಾಗುತ್ತವೆ. ಕೈ ಬಿಗಿಯಾಗಿರುವ ಸಣ್ಣ ಟ್ರಸ್ಟುಗಳಿಗೆ ಇದರಿಂದ ಉಸಿರಾಡಲು ಅವಕಾಶವಾಯಿತು ನಿಜ. ಭಾರ ಮಾತ್ರ ಸದ್ದಿಲ್ಲದೆ ರೈತನ ಕಡೆ ವಾಲಿತು. ಟ್ರಸ್ಟಿನ ಬಳಿ ನಗದೇ ಇಲ್ಲದಿದ್ದರೆ ಮೇಲಿನ ಹೊಲಕ್ಕೆ ಸಿಗುವುದು 6,30,000 ಅಲ್ಲ, 4,20,000. ಅದರಲ್ಲೂ ವಕೀಲರ ಫೀಸು ಮತ್ತು ಟ್ರಸ್ಟು ಮುಂದಿನ ಉಸ್ತುವಾರಿಗೆಂದು ಕೇಳುವ ನಿಧಿ ಕಳೆಯಬೇಕು. ರಾಜ್ಯದ್ದೇ ಗಟ್ಟಿ ಯೋಜನೆ ಇರುವ ಕಡೆ ಪರಿಸ್ಥಿತಿ ಉತ್ತಮ. ಮೇರಿಲ್ಯಾಂಡ್ ಮತ್ತು ಮ್ಯಾಸಚೂಸೆಟ್ಸ್ 1977ರಲ್ಲಿ, ಪೆನ್ಸಿಲ್ವೇನಿಯಾ 1988ರಲ್ಲಿ ಇಂಥ ಖರೀದಿ ಯೋಜನೆ ತಂದವು. ಒಂದೇ ಬೆಲೆಯ ಹೊಲ ಎರಡು ರಾಜ್ಯಗಳಲ್ಲಿ ಎರಡು ಬೇರೆ ಮೊತ್ತ ತರುವುದಕ್ಕೆ ಇದು ದೊಡ್ಡ ಕಾರಣ.

ಮೌಲ್ಯಮಾಪನದಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಈಸ್‌ಮೆಂಟಿಗೆ ಸೇರಿಸದೆ ಪಕ್ಕದಲ್ಲಿ ಉಳಿಸಿಕೊಂಡ ಹತ್ತಿಪ್ಪತ್ತು ಎಕರೆಯೂ ನಿಮ್ಮದೇ ಆಗಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಪಕ್ಕದಲ್ಲಿ ಎಂದೂ ಬಡಾವಣೆ ಬರುವುದಿಲ್ಲ ಎಂಬ ಕಾರಣಕ್ಕೆ ಆ ತುಂಡಿನ ಬೆಲೆ ಏರುವುದಾದರೆ, ಏರಿದಷ್ಟು ಈಸ್‌ಮೆಂಟಿನ ಬೆಲೆಯಿಂದ ಇಳಿಯುತ್ತದೆ. ‘ರಸ್ತೆ ಬದಿಯ ತುಂಡು ನಮಗಿರಲಿ’ ಎನ್ನುವವರು ಇದನ್ನು ಮೊದಲೇ ಅಪ್ರೈಸರ್ ಬಳಿ ಕೇಳಿಕೊಳ್ಳಬೇಕು.

ತೆರಿಗೆಯಲ್ಲಿ ಈ ವ್ಯವಹಾರಕ್ಕೆ ಎರಡು ಮುಖ. ಬಿಟ್ಟುಕೊಟ್ಟ 2,10,000 ದಾನವೆನಿಸಿ ಕಡಿತಕ್ಕೆ ಅರ್ಹ: ವಾರ್ಷಿಕ ಆದಾಯದ 50% ವರೆಗೆ, ಉಳಿದದ್ದನ್ನು ಮುಂದಿನ 15 ವರ್ಷಗಳವರೆಗೆ ಕೊಂಡೊಯ್ಯಬಹುದು. ಆದಾಯದ ಅರ್ಧಕ್ಕಿಂತ ಹೆಚ್ಚು ಕೃಷಿಯಿಂದಲೇ ಬರುವವರಿಗೆ ಮಿತಿ 100%. ಪಡೆದ 6,30,000 ಮಾತ್ರ ಮಾರಾಟ. ಹೊಲವನ್ನು 9,00,000ಕ್ಕೆ ಕೊಂಡಿದ್ದಿರಾದರೆ ಅದರಲ್ಲಿ 5,25,000 (14,40,000ಕ್ಕೆ 8,40,000ದ ಪ್ರಮಾಣದಲ್ಲಿ) ಈಸ್‌ಮೆಂಟಿನ ಪಾಲಿನ ಅಸಲು. ನೀವು ಮಾರಿದ್ದು ಈಸ್‌ಮೆಂಟಿನ ಮುಕ್ಕಾಲು ಭಾಗವಾದ್ದರಿಂದ ಕಳೆಯಬಹುದಾದ ಅಸಲು 3,93,750, ಲಾಭ 2,36,250. ಈ ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇದೆ. ‘ಸರ್ಕಾರ ಕೊಟ್ಟ ಸಹಾಯಧನ, ತೆರಿಗೆ ಎಲ್ಲಿಯದು’ ಎಂದುಕೊಂಡವರಿಗೆ ಏಪ್ರಿಲ್‌ನಲ್ಲಿ ಗೊತ್ತಾಗುತ್ತದೆ. ಜಮೀನು ಕೊಂಡು ಒಂದು ವರ್ಷ ದಾಟಿರದಿದ್ದರೆ ದಾನದ ಕಡಿತವೂ ಅಸಲಿಗಷ್ಟೇ ಸೀಮಿತ.

ಟ್ರಸ್ಟು ಅನುದಾನಕ್ಕೆಂದು ಮಾಡಿಸಿದ ಮೌಲ್ಯಮಾಪನ ಸಾಮಾನ್ಯವಾಗಿ ನಿಮ್ಮ ತೆರಿಗೆಗೆ ಸಾಲುವುದಿಲ್ಲ. ತೆರಿಗೆಯದ್ದು ದಾನದ ದಿನಕ್ಕಿಂತ 60 ದಿನಗಳಿಗೂ ಹಿಂದಿನದಾಗಿರಬಾರದು, ಬೇರೆಯಾಗಿ ಮಾಡಿಸಬೇಕು. ದಾನದ ವಿವರ ಕೊಡುವ ತೆರಿಗೆ ಫಾರ್ಮ್ 8283ರಲ್ಲಿ ಅಸಲು ಬೆಲೆಯ ಕಲಂ ಖಾಲಿ ಬಿಡಬೇಡಿ. ಅದೊಂದೇ ಕಾರಣಕ್ಕೆ ಕಡಿತವನ್ನು ತಳ್ಳಿಹಾಕಿದ ತೀರ್ಪುಗಳಿವೆ.

ಇನ್ನು ಅರ್ಹತೆ. ಫಲವತ್ತು ಮಣ್ಣಿನ ಆಧಾರದ ಮೇಲೆ ಅರ್ಜಿ ಹಾಕುವುದಾದರೆ ಅರ್ಧಕ್ಕಾದರೂ ಉತ್ತಮ ದರ್ಜೆಯ ಮಣ್ಣಿರಬೇಕು. ಎನ್‌ಆರ್‌ಸಿಎಸ್‌ನ ವೆಬ್ ಸಾಯಿಲ್ ಸರ್ವೆಯಲ್ಲಿ ಗಡಿ ಎಳೆದರೆ ಹತ್ತು ನಿಮಿಷದಲ್ಲಿ ಶೇಕಡಾವಾರು ತಿಳಿಯುತ್ತದೆ. ಕಡಿದಾದ ಕಲ್ಲುಗುಡ್ಡದ ತುಂಡನ್ನು ಹೊರಗಿಟ್ಟು ಗಡಿ ಎಳೆದರೆ ಅನರ್ಹ ಹೊಲವೂ ಅರ್ಹವಾದೀತು. ಕಾಡು ಮೂರರಲ್ಲಿ ಎರಡು ಪಾಲು ಮೀರುವಂತಿಲ್ಲ. ಅರ್ಹರೆಲ್ಲರಿಗೂ ಹಣ ಇಲ್ಲ, ಅಂಕ ಹಾಕಿ ಆರಿಸುತ್ತಾರೆ: ಒಳ್ಳೆಯ ಮಣ್ಣಿನ ಪ್ರಮಾಣ, ಕೌಂಟಿಯ ಸರಾಸರಿ ಹೊಲಕ್ಕಿಂತ ಇದು ಎಷ್ಟು ದೊಡ್ಡದು, ಸುತ್ತಲಿನ ಜನಸಂಖ್ಯೆಯ ಏರಿಕೆ, ಈಗಾಗಲೇ ಕಾಪಾಡಿದ ಜಮೀನಿಗೆ ಎಷ್ಟು ಹತ್ತಿರ. ಮುಂದೆ ಉಳುವವರು ಯಾರು ಎಂಬ ಲಿಖಿತ ಯೋಜನೆಗೂ ಅಂಕ ಇದೆ. ಅದನ್ನು ಬರೆಯಲು ಖರ್ಚಿಲ್ಲ, ಆದರೂ ಬಹಳ ಅರ್ಜಿಗಳಲ್ಲಿ ಇರುವುದಿಲ್ಲ.

ನಾಲ್ಕು ಸ್ನೇಹಿತರು ಕೂಡಿ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿ ಹೊಲ ಕೊಂಡಿದ್ದರೆ ಕಾಗದ ನಾಲ್ಕರಷ್ಟು. ಆದಾಯ ಮಿತಿಯ ಫಾರ್ಮನ್ನು ಸಂಸ್ಥೆಯ ಜೊತೆ ಪ್ರತಿ ಸದಸ್ಯನೂ ಕೊಡಬೇಕು. ಸರಾಸರಿ ವಾರ್ಷಿಕ ಆದಾಯದ ಮಿತಿ 9,00,000 ಡಾಲರ್. ಒಬ್ಬ ಅದನ್ನು ಮೀರಿದರೆ ಅವನ ಪಾಲಿನಷ್ಟು ಹಣ ಕಡಿತವಾಗುತ್ತದೆ. ಎಫ್‌ಎಸ್‌ಎ (ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿ) ಕಚೇರಿಯಲ್ಲಿರುವ ಹೊಲದ ದಾಖಲೆಯ ಹೆಸರು ಕ್ರಯಪತ್ರದ ಹೆಸರಿಗೆ ಅಕ್ಷರಶಃ ಹೊಂದಬೇಕು. ಊರಿನ ಹೆಸರು, ಅಪ್ಪನ ಹೆಸರು, ಇನಿಶಿಯಲ್ ಹೊತ್ತು ತಿರುಗುವ ನಮ್ಮವರಿಗೆ ಇದು ಸಣ್ಣ ವಿಷಯವಲ್ಲ. ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಹೆಸರು, ಕ್ರಯಪತ್ರದಲ್ಲಿ ಎರಡು ಇನಿಶಿಯಲ್, ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಹೆಸರು ಹಿಂದುಮುಂದು ಎಂದಾದರೆ ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ. ಪಾಲುದಾರರೊಬ್ಬರು ಬೆಂಗಳೂರಿಗೆ ಮರಳಿದ್ದರೆ ಕೃಷಿ ಇಲಾಖೆಯ ಕೆಲಸಕ್ಕೆ ಎಫ್‌ಎಸ್‌ಎ-211 ಮುಖ್ತಾರು ಸಾಕು. ನೋಂದಣಿಯ ಪತ್ರಕ್ಕೆ ಅದು ನಡೆಯುವುದಿಲ್ಲ. ಆ ರಾಜ್ಯದ ಕಾನೂನಿಗೆ ಒಪ್ಪುವ ಬೇರೆ ಮುಖ್ತಾರು ನೋಟರಿ ಆಗಿ, ಅಪೊಸ್ಟಿಲ್ (ಹೊರದೇಶದಲ್ಲಿ ಮಾನ್ಯವಾಗುವ ಸರ್ಕಾರಿ ದೃಢೀಕರಣ) ಆಗಿ ಬರಬೇಕು.

ಎಚ್-1ಬಿ ವೀಸಾದಲ್ಲಿರುವವರು ಕೃಷಿ ಭೂಮಿ ಕೊಂಡರೆ 90 ದಿನಗಳೊಳಗೆ ಎಫ್‌ಎಸ್‌ಎ-153 ಫಾರ್ಮ್ ಸಲ್ಲಿಸಬೇಕು. 1978ರ ಕಾನೂನಿನ ಪ್ರಕಾರ ಪೌರತ್ವವೋ ಗ್ರೀನ್ ಕಾರ್ಡೋ ಇಲ್ಲದವರು ವಿದೇಶಿಯರೇ. ಸಲ್ಲಿಸದಿದ್ದರೆ ದಂಡ ಜಮೀನಿನ ಬೆಲೆಯ 25% ವರೆಗೂ ಹೋಗಬಹುದು. ಅನುದಾನಕ್ಕೆಂದು ಎಫ್‌ಎಸ್‌ಎ ಕಚೇರಿಯ ಮೆಟ್ಟಿಲು ಹತ್ತಿದ ದಿನವೇ ಇದು ಬೆಳಕಿಗೆ ಬರುವುದುಂಟು.

ಅರ್ಜಿಗಳು ಹೆಚ್ಚಾಗಿ ಮುಳುಗುವುದು ಟೈಟಲ್‌ನಲ್ಲಿ. ನಮ್ಮಲ್ಲಿ ಋಣಭಾರ ಪತ್ರ ತೆಗೆಸುವ ಹಾಗೆ ಇಲ್ಲಿ ಟೈಟಲ್ ಕಂಪನಿ ಒಂದು ಕಮಿಟ್‌ಮೆಂಟ್ ಕೊಡುತ್ತದೆ. ಅದರ ಶೆಡ್ಯೂಲ್ ಬಿ ಭಾಗದಲ್ಲಿ ಜಮೀನಿನ ಮೇಲಿನ ಹಳೆಯ ಹಕ್ಕುಗಳೆಲ್ಲ ಸಾಲಾಗಿರುತ್ತವೆ. ಪ್ರತಿಯೊಂದು ಸಾಲಿನ ಮೂಲ ಪತ್ರ ತರಿಸಿ ಓದಬೇಕು. ಉದಾಹರಣೆಗೆ ‘1952ರ ಪೈಪ್‌ಲೈನ್ ಹಕ್ಕು’ ಎಂದು ಒಂದೇ ಸಾಲಿರುತ್ತದೆ. ಪತ್ರ ತೆಗೆದು ನೋಡಿದರೆ ಅಗಲವೂ ಇಲ್ಲ, ಜಾಗವೂ ಇಲ್ಲ. ಕಂಪನಿ ಹೊಲದಲ್ಲಿ ಎಲ್ಲಿ ಬೇಕಾದರೂ, ಎಷ್ಟು ಕೊಳವೆ ಬೇಕಾದರೂ ಹೂಳಬಹುದು. ಇಂಥದ್ದಿದ್ದರೆ ಎನ್‌ಆರ್‌ಸಿಎಸ್ ಒಪ್ಪುವುದು ಕಷ್ಟ. ಪರಿಹಾರ: ಕಂಪನಿಯಿಂದ ತಿದ್ದುಪಡಿ ಪತ್ರ ಬರೆಸಿ, ಈಗಿರುವ ಕೊಳವೆಯ ಎರಡೂ ಬದಿ ಇಷ್ಟು ಅಡಿ ಎಂದು ಪಟ್ಟಿ ಗುರುತಿಸಿ ನೋಂದಾಯಿಸುವುದು. ಕಂಪನಿಯ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಆಯ್ಕೆಯಾದ ಮೇಲೆ ಶುರುಮಾಡಿದರೆ ಗಡುವು ಕೈತಪ್ಪುತ್ತದೆ.

ಖನಿಜದ ಹಕ್ಕನ್ನು ಹಿಂದಿನ ಒಡೆಯ ಬೇರ್ಪಡಿಸಿ ಇಟ್ಟುಕೊಂಡಿದ್ದರೆ, ಅಲ್ಲಿ ಮೇಲ್ಮೈ ಅಗೆಯುವ ಸಂಭವ ತೀರಾ ಕಡಿಮೆ ಎಂದು ಭೂವಿಜ್ಞಾನಿಯ ವರದಿ ಬೇಕಾಗುತ್ತದೆ. ಪಕ್ಕದವರ ಹೊಲದ ಮೂಲಕ ಓಡಾಡುವ ದಾರಿ ಬಾಯಿಮಾತಿನದಾಗಿದ್ದರೆ ಅದಕ್ಕೂ ನೋಂದಾಯಿತ ಹಕ್ಕು ಬೇಕು.

ಬ್ಯಾಂಕಿನ ಸಾಲ ಇದ್ದರೆ ಬ್ಯಾಂಕು ತನ್ನ ಅಡಮಾನವನ್ನು ಈಸ್‌ಮೆಂಟಿನ ಕೆಳಗಿಡಲು ಒಪ್ಪಬೇಕು. ಇಲ್ಲದಿದ್ದರೆ ನಾಳೆ ಬ್ಯಾಂಕು ಹೊಲ ಹರಾಜು ಹಾಕಿದರೆ ಈಸ್‌ಮೆಂಟೂ ಹೋಯಿತು. ಮೇಲಿನ ಹೊಲದ ಮೇಲೆ 7,00,000 ಸಾಲ ಇದೆಯೆನ್ನಿ. ನಿರ್ಬಂಧದ ನಂತರ ಅದರ ಬೆಲೆ 6,00,000. ಯಾವ ಬ್ಯಾಂಕೂ ಹಾಗೇ ಸಹಿ ಹಾಕುವುದಿಲ್ಲ. ಬರುವ ಹಣದಲ್ಲಿ ಮೂರು ನಾಲ್ಕು ಲಕ್ಷ ಸಾಲಕ್ಕೆ ಕಟ್ಟಿ ಎನ್ನುತ್ತದೆ. ಈ ಒಪ್ಪಿಗೆ ಪತ್ರ ಈಸ್‌ಮೆಂಟಿಗಿಂತ ಒಂದು ದಿನ ತಡವಾಗಿ ನೋಂದಾಯಿಸಿದರೂ ತೆರಿಗೆಯ ಕಡಿತ ಕೈಬಿಟ್ಟುಹೋಗಬಹುದು.

ಪತ್ರದ ಷರತ್ತುಗಳಲ್ಲಿ ಕಚ್ಚುವುದು ಎರಡು ಪ್ರತಿಶತದ ನಿಯಮ. ಮನೆ, ಕೊಟ್ಟಿಗೆ, ಶೆಡ್ಡು, ಡಾಂಬರು ಎಲ್ಲ ಸೇರಿ ಈಸ್‌ಮೆಂಟ್ ಭೂಮಿಯ 2% ಮೀರಬಾರದು. 120 ಎಕರೆಗೆ 2.4 ಎಕರೆ. ನೆಲಕ್ಕೆ ಕಾಂಕ್ರೀಟು ಹಾಕದ ಶೆಡ್ಡೂ ಲೆಕ್ಕಕ್ಕೆ ಬರುತ್ತದೆ. ಸಕಾರಣ ಇದ್ದರೆ 10% ವರೆಗೆ ವಿನಾಯಿತಿ ಕೇಳಬಹುದು, ಆದರೆ ಪತ್ರ ಆಗುವ ಮೊದಲು. ಮಗಳಿಗೊಂದು ಮನೆ ಕಟ್ಟುವ ಆಸೆಯಿದ್ದರೆ ಅದರ ಜಾಗವನ್ನು ಈಗಲೇ ನಕ್ಷೆಯಲ್ಲಿ ಗುರುತಿಸಿ. ಇಲ್ಲವೇ ಆ ತುಂಡನ್ನು ಸರ್ವೆ ಮಾಡಿಸಿ ಹೊರಗಿಡಿ, ಕೆಲವು ಸಲ ಅದೇ ವಾಸಿ. ಹಣ್ಣು ಕೀಳಲು ಜನರನ್ನು ಕರೆಯಬಹುದು, ಸಣ್ಣ ಅಂಗಡಿ ಇಡಬಹುದು. ದೇವಸ್ಥಾನ, ಮದುವೆ ಛತ್ರ ಕಟ್ಟುವ ಯೋಚನೆ ಇದ್ದವರು ಈ ಯೋಜನೆಯ ಹತ್ತಿರ ಬರದಿರುವುದು ಒಳ್ಳೆಯದು.

ಹೊಲದಲ್ಲಿ ನೀರು ನಿಲ್ಲುವ ಭಾಗವೇ ಹೆಚ್ಚಿದ್ದರೆ ಡಬ್ಲ್ಯುಆರ್‌ಇ ನೋಡಿ. ಅಲ್ಲಿ ಒಡೆಯನೇ ನೇರವಾಗಿ ಅರ್ಜಿ ಹಾಕುತ್ತಾನೆ, ಹಕ್ಕನ್ನು ಇಟ್ಟುಕೊಳ್ಳುವುದೂ ಎನ್‌ಆರ್‌ಸಿಎಸ್. ಶಾಶ್ವತಕ್ಕೆ ಬರೆದುಕೊಟ್ಟರೆ ಈಸ್‌ಮೆಂಟಿನ ಬೆಲೆಯ 100%, ಪುನಶ್ಚೇತನದ ಖರ್ಚಿನ 75ರಿಂದ 100%. 30 ವರ್ಷಕ್ಕಾದರೆ 50ರಿಂದ 75%. ಜಮೀನು ನಿಮ್ಮ ಹೆಸರಿಗೆ ಬಂದು 24 ತಿಂಗಳಾಗಿರಬೇಕು ಎಂಬುದು ಸಾಮಾನ್ಯ ನಿಯಮ. ನೂರಕ್ಕೆ ನೂರು ಎಂಬುದನ್ನೂ ಎಚ್ಚರಿಕೆಯಿಂದ ಓದಿ: ಮಾರುಕಟ್ಟೆ ಬೆಲೆ, ಆ ಪ್ರದೇಶಕ್ಕೆ ನಿಗದಿಯಾದ ಗರಿಷ್ಠ ದರ, ನೀವು ಕೇಳಿದ ದರ, ಇವುಗಳಲ್ಲಿ ಯಾವುದು ಕಡಿಮೆಯೋ ಅದು. ಕಾಡಿಗೆ 1990ರಿಂದ ಫಾರೆಸ್ಟ್ ಲೆಗಸಿ ಯೋಜನೆ ಇದೆ, ಫೆಡರಲ್ ಪಾಲು 75% ವರೆಗೆ.

ಕರ್ನಾಟಕದಲ್ಲಿ ಇಂಥದ್ದು ಯಾಕಿಲ್ಲ ಎಂಬ ಪ್ರಶ್ನೆ ಸಹಜ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯಲ್ಲಿ ಹಕ್ಕು ಇರುವುದು ಇನ್ನೊಂದು ಜಮೀನಿನ ಒಡೆಯನಿಗೆ, ತನ್ನ ಜಮೀನನ್ನು ಅನುಭವಿಸುವ ಸಲುವಾಗಿ. ಪಕ್ಕದಲ್ಲಿ ಗೇಣು ನೆಲವೂ ಇಲ್ಲದ ಟ್ರಸ್ಟು ಅದನ್ನು ಹೊಂದಲಾಗದು. ಅಮೆರಿಕದ ರಾಜ್ಯಗಳು ಈ ತೊಡಕನ್ನು ಪ್ರತ್ಯೇಕ ಕಾನೂನು ಮಾಡಿ ಬಿಡಿಸಿಕೊಂಡವು. ನಮ್ಮಲ್ಲಿ ಹತ್ತಿರದ್ದೆಂದರೆ ವನ್ಯಜೀವಿ ಕಾಯ್ದೆಯ ಸಮುದಾಯ ಮೀಸಲು, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹಾಗೆ. ಅಲ್ಲಿ ಹಕ್ಕಿಗೆ ಬೆಲೆ ಕಟ್ಟಿ ಕೊಳ್ಳುವ ಏರ್ಪಾಡಿಲ್ಲ.

ಅರ್ಜಿಯಿಂದ ಕ್ಲೋಸಿಂಗಿಗೆ, ಅಂದರೆ ಪತ್ರವಾಗಿ ಹಣ ಕೈಸೇರುವುದಕ್ಕೆ, ಎರಡು ವರ್ಷ ಹಿಡಿಯುವುದು ಮಾಮೂಲು. ಆಮೇಲೆ ಟ್ರಸ್ಟಿನವರು ವರ್ಷಕ್ಕೊಮ್ಮೆ ಬಂದು, ಆರಂಭದಲ್ಲಿ ಮಾಡಿದ ಬೇಸ್‌ಲೈನ್ ವರದಿಯ ಫೋಟೋ, ನಕ್ಷೆಗಳ ಜೊತೆ ಹೋಲಿಸಿ ನೋಡಿ ಎನ್‌ಆರ್‌ಸಿಎಸ್‌ಗೆ ವರದಿ ಕಳಿಸುತ್ತಾರೆ. ಆ ವರದಿಗೆ ಸಹಿ ಹಾಕುವ ಮುನ್ನ ಈಗಿರುವ ಶೆಡ್ಡು, ಬೇಲಿ, ಕಾಲುದಾರಿ ಎಲ್ಲವೂ ಅದರಲ್ಲಿ ದಾಖಲಾಗಿವೆಯೇ ನೋಡಿಕೊಳ್ಳಿ. ಬಿಟ್ಟುಹೋದ ಶೆಡ್ಡು ಐದು ವರ್ಷದ ನಂತರ ಹೊಸದಾಗಿ ಕಟ್ಟಿದ್ದೆನಿಸುತ್ತದೆ. ಮುಂದೊಂದು ದಿನ ಹೆದ್ದಾರಿಗೆಂದು ಜಮೀನು ಸ್ವಾಧೀನವಾದರೆ ಪರಿಹಾರದ ಹಣ ಪೂರ್ತಿ ನಿಮಗೆ ಬರುವುದಿಲ್ಲ. ಮೇಲಿನ ಲೆಕ್ಕದಲ್ಲಿ 14,40,000ಕ್ಕೆ 8,40,000 ಎಂದರೆ ಸುಮಾರು 58%. ಅಷ್ಟು ಪಾಲು ಈಸ್‌ಮೆಂಟ್ ಹಿಡಿದವರಿಗೂ ಫೆಡರಲ್ ಸರ್ಕಾರಕ್ಕೂ ಸೇರಬೇಕೆಂದು ಪತ್ರದಲ್ಲೇ ಬರೆದಿರುತ್ತಾರೆ.