ಹರಿಗೋಲು ಕಾದಿದ್ದ ಮೈದಾನ

ಇಂಗ್ಲೆಂಡಿನ ಶ್ರೂಸ್‌ಬರಿ ಪಟ್ಟಣದಲ್ಲಿ ಸೆವೆರ್ನ್ ನದಿಯ ದಡಕ್ಕೆ ಅಂಟಿಕೊಂಡು ಗೇ ಮೆಡೋ ಎಂಬ ಫುಟ್‌ಬಾಲ್ ಮೈದಾನವಿತ್ತು. ಎತ್ತರಕ್ಕೆ ಒದ್ದ ಚೆಂಡು ನೀರಿಗೆ ಬಿದ್ದರೆ ಫ್ರೆಡ್ ಡೇವಿಸ್ ಎಂಬುವರು ಹರಿಗೋಲಿನಲ್ಲಿ ಹುಟ್ಟು ಹಾಕುತ್ತ ಹೋಗಿ ಅದನ್ನು ಎತ್ತಿಕೊಂಡು ಬರುತ್ತಿದ್ದರು. ಹಂಪಿಯ ಬಳಿ ತುಂಗಭದ್ರೆ ದಾಟಿಸುವ ಹರಿಗೋಲಿನ ಪುಟ್ಟ ತಂಗಿಯಂಥ ದೋಣಿ ಅದು. ದಶಕಗಳ ಕಾಲ ಇದು ನಡೆಯಿತು. 2007ರಲ್ಲಿ ಅಲ್ಲಿ ಆಡುತ್ತಿದ್ದ ಶ್ರೂಸ್‌ಬರಿ ಟೌನ್ ಕ್ಲಬ್ ಊರಿನ ಅಂಚಿನ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಅಲ್ಲಿ ಎಲ್ಲರಿಗೂ ಆಸನವಿದೆ, ವಾಹನ ನಿಲ್ಲಿಸಲು ಜಾಗವಿದೆ. ನದಿ ಮಾತ್ರ ಇಲ್ಲ.

ಕೆಳ ಹಂತದ ಲೀಗ್‌ಗಳ ಹಳೆಯ ಮೈದಾನಗಳಿಗೆ ಒಂದೊಂದು ಮುಖವಿದೆ ಎಂದು ಅವುಗಳನ್ನು ಕಂಡವರೆಲ್ಲ ಹೇಳುತ್ತಾರೆ. ಆ ಮುಖವನ್ನು ಯಾವ ವಾಸ್ತುಶಿಲ್ಪಿಯೂ ಕೂತು ಬರೆದದ್ದಲ್ಲ. ಸಿಕ್ಕಿದ ನೆಲ, ಕೈಯಲ್ಲಿದ್ದ ಕಾಸು, ಸುತ್ತ ಬೆಳೆದ ಮನೆಗಳು ಸೇರಿ ಅದನ್ನು ಮಾಡಿದವು. ಇದಕ್ಕೆ ಕಾನೂನನ್ನೂ ಸೇರಿಸಬೇಕು. ಆ ಭಾಗ ನೋವಿನದು, ಆದರೆ ಅದನ್ನು ಬಿಟ್ಟು ಈ ಕಥೆ ಹೇಳುವುದು ತಪ್ಪಾಗುತ್ತದೆ.

1850ರ ಕಾರ್ಖಾನೆ ಕಾಯ್ದೆಯಿಂದ ಬ್ರಿಟನ್ನಿನ ಗಿರಣಿಗಳಲ್ಲಿ ಶನಿವಾರದ ಕೆಲಸ ಮಧ್ಯಾಹ್ನ ಎರಡಕ್ಕೆ ಮುಗಿಯತೊಡಗಿತು. ಮುಂದೆ ಫುಟ್‌ಬಾಲ್ ಬೆಳೆದದ್ದು ಆ ಬಿಡುವಿನಲ್ಲಿ. ಜನ ನಡೆದೇ ಬರಬೇಕಿದ್ದರಿಂದ ಮೈದಾನ ಊರೊಳಗೇ ಇರಬೇಕಿತ್ತು. ಲೂಟನ್ ಟೌನ್ 1905ರಿಂದ ಆಡುತ್ತಿರುವ ಕೆನಿಲ್‌ವರ್ತ್ ರೋಡ್ ಮೈದಾನ ಇದಕ್ಕೆ ಒಳ್ಳೆಯ ಸಾಕ್ಷಿ. ಓಕ್ ರೋಡಿನ ಸಾಲುಮನೆಗಳ ನಡುವೆಯೇ ಪ್ರವೇಶದ್ವಾರವಿದೆ. ಅದನ್ನು ಹಾದು ಮೆಟ್ಟಿಲು ಹತ್ತಿದರೆ ಕೆಳಗೆ ಯಾರದೋ ಮನೆಯ ಹಿತ್ತಲು ಕಾಣುತ್ತದೆ. ಒಂದು ಬದಿಯ ಹೆಸರು ಬಾಬರ್ಸ್ ಸ್ಟ್ಯಾಂಡ್. ಒಂದು ಕಾಲಕ್ಕೆ ಅಲ್ಲಿನ ಟಿಕೆಟ್‌ಗೆ ಒಂದು ‘ಬಾಬ್’, ಅಂದರೆ ಒಂದು ಶಿಲ್ಲಿಂಗ್, ಇತ್ತು. 2023ರಲ್ಲಿ ಈ ಕ್ಲಬ್ ಇಂಗ್ಲೆಂಡಿನ ಅಗ್ರ ಹಂತವಾದ ಪ್ರೀಮಿಯರ್ ಲೀಗ್‌ಗೆ ಏರಿದಾಗ ಕೋಟ್ಯಧಿಪತಿ ಆಟಗಾರರ ಎದುರಾಳಿ ತಂಡಗಳು ಬಂದದ್ದೂ ಇದೇ ಓಣಿಗಳಿಗೆ.

ಯೊವಿಲ್ ಟೌನ್‌ನ ಹ್ಯೂಯಿಷ್ ಮೈದಾನ ಒಂದು ಅಂಚಿನಿಂದ ಇನ್ನೊಂದಕ್ಕೆ ಸುಮಾರು ಎಂಟು ಅಡಿ ಇಳಿಜಾರಾಗಿತ್ತು. ದೊಡ್ಡ, ಸಣ್ಣ ಕ್ಲಬ್‌ಗಳೆಲ್ಲ ಸೆಣಸುವ ಎಫ್‌ಎ ಕಪ್‌ನಲ್ಲಿ, 1949ರಲ್ಲಿ, ಲೀಗ್‌ನಲ್ಲೇ ಇಲ್ಲದ ಈ ಕ್ಲಬ್ ಅಗ್ರ ಡಿವಿಜನ್‌ನ ಸಂಡರ್‌ಲೆಂಡನ್ನು ಅಲ್ಲಿ 2–1ರಿಂದ ಮಣಿಸಿತು. ಸ್ಕಾಟ್ಲೆಂಡಿನ ಬ್ರೆಕಿನ್ ಸಿಟಿಯ ಮೈದಾನದ ಒಂದು ಬದಿಗೆ ಗೋಡೆಯ ಬದಲು ಎತ್ತರದ ಗಿಡಗಳ ಬೇಲಿಯಿದೆ. ಅರ್‌ಬ್ರೋತ್‌ನಲ್ಲಿ ಬಿರುಗಾಳಿಯ ದಿನ ಉತ್ತರ ಸಮುದ್ರದ ಅಲೆ ಗೋಡೆ ಹಾರಿ ಒಳಗೇ ಸಿಡಿಯುತ್ತದೆ.

ಹಣ ಬಂದ ವರ್ಷ ಒಂದು ಬದಿ ಕಟ್ಟಿದರು, ಮತ್ತೆ ಬಂದಾಗ ಇನ್ನೊಂದು. ಹೀಗೆ ನಾಲ್ಕು ಬದಿಗೆ ನಾಲ್ಕು ಕಾಲದ ಸ್ಟ್ಯಾಂಡ್‌ಗಳು ಎದ್ದವು. ಗೋಲಿನ ಹಿಂದೆ ಜನ ನಿಂತು ನೋಡುವ ಮೆಟ್ಟಿಲುಗಳು, ಅಂದರೆ ಟೆರೇಸ್. ಅದರ ಮೇಲೆ ತಗ್ಗಾದ ತಗಡಿನ ಚಾವಣಿ. ಐನೂರು ಜನ ಕೂಗಿದರೂ ಆ ತಗಡು ಅದನ್ನು ಐದು ಸಾವಿರದ ಕೂಗಾಗಿ ಅಂಕಣಕ್ಕೆ ಎಸೆಯುತ್ತದೆ. ಬೆಂಗಳೂರಿನ ಕಂಠೀರವದಲ್ಲಿ ಓಟದ ಪಥದ ಆಚೆಯಿಂದ ಪಂದ್ಯ ನೋಡಿದವರಿಗೆ ಈ ಹತ್ತಿರದ ಬೆಲೆ ಬೇಗ ತಿಳಿಯುತ್ತದೆ.

ಇಷ್ಟು ಹೊತ್ತು ಹೊಗಳಿದ್ದೇನೆ. ಆದರೆ ಇದೇ ಹಳೆಯ ಮರ, ಇದೇ ಇಕ್ಕಟ್ಟು ಜನರನ್ನು ಕೊಂದಿವೆ. 1902ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್‌ನಲ್ಲಿ ಮರದ ಟೆರೇಸ್ ಕುಸಿದು 25 ಮಂದಿ ಸತ್ತರು. 1971ರಲ್ಲಿ ಅದೇ ಮೈದಾನದ ಮೆಟ್ಟಿಲ ಮೇಲಿನ ನೂಕುನುಗ್ಗಲಲ್ಲಿ 66 ಮಂದಿ ಸತ್ತ ಮೇಲೆ 1975ರಲ್ಲಿ ಸುರಕ್ಷತಾ ಕಾಯ್ದೆ ಬಂತು. ಸುರಕ್ಷತಾ ಪ್ರಮಾಣಪತ್ರ ದೊಡ್ಡ ಕ್ಲಬ್‌ಗಳಿಗಷ್ಟೇ ಕಡ್ಡಾಯವಾಯಿತು. ಮೂರನೆಯ ಡಿವಿಜನ್‌ನಲ್ಲಿದ್ದ ಬ್ರಾಡ್‌ಫರ್ಡ್ ಸಿಟಿ ಅದರ ಹೊರಗುಳಿಯಿತು.

1985ರ ಮೇ 11ರಂದು ಆ ಕ್ಲಬ್ಬಿಗೆ ಹಬ್ಬ. ಡಿವಿಜನ್ ಗೆದ್ದು ಮೇಲೇರಿದ್ದರು, ಪಂದ್ಯಕ್ಕೆ ಮುಂಚೆ ಟ್ರೋಫಿ ಕೊಡಲಾಗಿತ್ತು. ಮೇಲಿನ ಹಂತದ ನಿಯಮಕ್ಕೆ ತಕ್ಕಂತೆ ಸ್ಟ್ಯಾಂಡಿನ ಚಾವಣಿಯನ್ನು ಬದಲಿಸುವ ಕೆಲಸ ಇನ್ನೇನು ಶುರುವಾಗುವುದಿತ್ತು. ಮೊದಲಾರ್ಧ ಮುಗಿಯುವ ಹೊತ್ತಿಗೆ, ಮರದ ನೆಲಹಾಸಿನ ಸಂದಿಯಲ್ಲಿ ವರ್ಷಗಟ್ಟಲೆ ಬಿದ್ದು ಕೂಡಿದ್ದ ಕಸಕ್ಕೆ ಕಿಡಿ ತಗುಲಿತು. ಕೆಲವೇ ನಿಮಿಷಗಳಲ್ಲಿ ಇಡೀ ಸ್ಟ್ಯಾಂಡ್ ಉರಿಯಿತು. 56 ಮಂದಿ ಸತ್ತರು. ಹಿಂಬದಿಯ ಬಾಗಿಲುಗಳತ್ತ ಓಡಿದವರಿಗೆ ಬೀಗ ಎದುರಾಯಿತು. ಮುಂದೆ ಬೇಲಿ ಇರಲಿಲ್ಲವಾದ್ದರಿಂದ ಅಂಕಣಕ್ಕೆ ಹಾರಿದವರು ಉಳಿದರು. ನಾಲ್ಕು ವರ್ಷಗಳ ನಂತರ, 1989ರ ಏಪ್ರಿಲ್ 15ರಂದು, ಶೆಫೀಲ್ಡಿನ ಹಿಲ್ಸ್‌ಬರೊ ಮೈದಾನದ ನೂಕುನುಗ್ಗಲಲ್ಲಿ ಅಂಥ ಬೇಲಿಯೇ ಜನರನ್ನು ಕೂಡಿಹಾಕಿತು. ಪೊಲೀಸ್ ನಿಯಂತ್ರಣದ ವೈಫಲ್ಯವೇ ಮುಖ್ಯ ಕಾರಣ ಎಂದು ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ ಕಂಡುಕೊಂಡರು. ಅಲ್ಲಿ ಸತ್ತವರು 97 ಮಂದಿ.

1990ರಲ್ಲಿ ಬಂದ ಟೇಲರ್ ಅವರ ಅಂತಿಮ ವರದಿ ಮೈದಾನಗಳು ಪೂರ್ತಿ ಆಸನಮಯವಾಗಲಿ ಎಂದಿತು. ಆದರೆ 1992ರಲ್ಲಿ ಸರ್ಕಾರ ಕೆಳಗಿನ ಎರಡು ಡಿವಿಜನ್‌ಗಳಿಗೆ ವಿನಾಯಿತಿ ನೀಡಿತು. ಇಂದು ಆ ಹಂತಗಳಾದ ಲೀಗ್ ಒನ್, ಲೀಗ್ ಟೂಗಳಲ್ಲಿ ಟೆರೇಸ್ ಕಾಣುವುದಿದ್ದರೆ ಅದು ಈ ವಿನಾಯಿತಿಯಿಂದ. ಪರಂಪರೆಯ ಮೇಲಿನ ಪ್ರೀತಿಯಿಂದಲ್ಲ.

ಊರ ನಡುವಿನ ನೆಲಕ್ಕೆ ಬೆಲೆ ಬಂದದ್ದು ಇನ್ನೊಂದು ಕಥೆ. ಸ್ಕಂಥೋರ್ಪ್ ಯುನೈಟೆಡ್ 1988ರಲ್ಲೇ ತನ್ನ ಮೈದಾನವನ್ನು ಸೂಪರ್‌ಮಾರ್ಕೆಟ್‌ಗೆ ಮಾರಿ ಹೊರಟಿತು. ಯೊವಿಲ್‌ನ ಇಳಿಜಾರು ಮೈದಾನವಿದ್ದಲ್ಲಿ, ವಾಲ್ಸಾಲ್‌ನ ಹಳೆಯ ಮೈದಾನವಿದ್ದಲ್ಲಿ ಈಗ ಸೂಪರ್‌ಮಾರ್ಕೆಟ್‌ಗಳಿವೆ. ಬದಲಿಗೆ ಬಂದ ಕ್ರೀಡಾಂಗಣಗಳು ಹೆದ್ದಾರಿಯ ಬದಿಯ ಗೋದಾಮುಗಳಂತೆ ಒಂದನ್ನೊಂದು ಹೋಲುತ್ತವೆ. ಸುರಕ್ಷತೆಗೆ ಈ ಏಕರೂಪ ಬೇಕಿರಲಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಮನೆಗಳ ನಡುವೆಯೇ ಸುಭದ್ರ ಸ್ಟ್ಯಾಂಡ್ ಕಟ್ಟಬಹುದಿತ್ತು; ಆದರೆ ಹೊರವಲಯದ ಜಾಗ ಅಗ್ಗವಾಗಿತ್ತು.

ಶ್ರೂಸ್‌ಬರಿಯ ಹೊಸ ಕ್ರೀಡಾಂಗಣದಲ್ಲೂ ಜನ ಕೂತೇ ನೋಡಬೇಕಿತ್ತು. ಆದರೆ ಕ್ಲಬ್ ಕೆಳ ಹಂತದಲ್ಲಿದ್ದುದರಿಂದ ಆಸನದ ಕಡ್ಡಾಯ ಅದಕ್ಕೆ ತಟ್ಟುತ್ತಿರಲಿಲ್ಲ. ಅಭಿಮಾನಿಗಳು ಚಂದಾ ಎತ್ತಿದರು. 2018ರಲ್ಲಿ ಗೋಲಿನ ಹಿಂದಿನ ಸ್ಟ್ಯಾಂಡಿನಲ್ಲಿ ಪ್ರತಿ ಸಾಲಿಗೂ ಕಂಬಿ ಹಾಕಿ, ಸುರಕ್ಷಿತವಾಗಿ ನಿಂತು ನೋಡುವ ಜಾಗ ಮಾಡಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಲೀಗ್ ಕ್ಲಬ್‌ಗಳಲ್ಲಿ ಅದೇ ಮೊದಲು. ಪ್ರೀಮಿಯರ್ ಲೀಗ್‌ನ ದೊಡ್ಡ ಕ್ಲಬ್‌ಗಳಿಗೆ ಅಂಥ ಅನುಮತಿ ಸಿಕ್ಕಿದ್ದು 2022ರಲ್ಲಿ.